ಅತ್ತಿಕೊಲ್ಲಿ ಗೇಟಿನ ಕಲ್ಲುಗಳು

ಬೆಟ್ಟಗಳಿಗೆ ಇನ್ನೂ ಹೆಸರಿಲ್ಲದಿದ್ದ ಕಾಲದಲ್ಲಿ, ಅತ್ತಿಕೊಲ್ಲಿಯ ಕಾಡಿನಲ್ಲಿ ಜೇನು ಕೀಳುತ್ತಿದ್ದವನೊಬ್ಬ, ತಾಯಿ ಸತ್ತ ದುಃಖದಲ್ಲಿ ಅನ್ನ ನೀರು ಬಿಟ್ಟು ಏಳು ದಿನ ಅತ್ತಿಮರದ ಬುಡದಲ್ಲಿ ಬಿದ್ದಿರಲು, ವನದೇವತೆಯಾದ ಕೊಲ್ಲಿಯಮ್ಮ ಮರದೊಳಗಿಂದ ನುಡಿದಳು: "ಹೊಳೆಯಿಂದ ಒಂದು ಕಲ್ಲು ತಾ. ಅದರಲ್ಲಿ ನಿನ್ನ ತಾಯಿ ಬರುತ್ತಾಳೆ. ಅದು ಮೊದಲು ನೆಲ ಮುಟ್ಟಿದ ಕಡೆಯೇ ಅವಳ ನೆಲೆ. ಆಮೇಲೆ ಬದಲಿಲ್ಲ." ಅವನು ಕಲ್ಲನ್ನು ಮಡಿಲಲ್ಲಿ ಹೊತ್ತು ತಂದು ಮರದಡಿ ಇಟ್ಟ. ಅಂದಿನಿಂದ ಅವನ ಕುಲದಲ್ಲಿ ಸತ್ತವರೆಲ್ಲ ಅಲ್ಲಿಗೇ ಹೋದರು.

ಈ ಕಥೆ ಆ ಮರದ್ದಲ್ಲ. ಮರದಿಂದ ಮೂರು ಹರದಾರಿ ಈಚೆ, ಅರಣ್ಯ ಇಲಾಖೆಯ ಗೇಟಿನ ಪಕ್ಕದ ಸ್ಥಳದ್ದು.

ಕಾಡನ್ನು ಹುಲಿಗಳಿಗೆ ಬಿಡಿಸಿ, ಆ ಕುಲದ ಹಾಡಿಯವರನ್ನು ಹೊರಗೆ ಕಾಲೋನಿಗೆ ತಂದು ಹದಿನಾರು ವರ್ಷವಾಗಿತ್ತು. ಜಾಜಿಯ ಗಂಡ ಬೊಮ್ಮ ಅಲ್ಲಿ ಸಿಮೆಂಟ್ ನೆಲದ ಮೇಲೆ ಸತ್ತ. ಕೊನೆಗೆ ಹೇಳಿದ್ದು ಒಂದೇ ಮಾತು: "ನನ್ನ ಇಲ್ಲಿ ಬಿಡಬೇಡ." ಜಾಜಿ ಹೊಳೆಯಿಂದ ಕರಿ ಕಲ್ಲೊಂದನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ ಸೂರಿಗೆ ತೂಗುಹಾಕಿದಳು. ನಾಲ್ಕು ಸಲ ಗೇಟಿಗೆ ಹೊತ್ತು ಹೋದಳು.

"ನಿನ್ನೊಬ್ಬಳನ್ನ ಬಿಟ್ಟರೆ ನಾಳೆ ಕಾಲೋನಿಯೆಲ್ಲ ಬರುತ್ತೆ ಅಜ್ಜಿ," ಎಂದ ಗಾರ್ಡ್ ಲಿಂಗಪ್ಪ.

"ನಾನು ಹುಟ್ಟಿದ ಜಾಗಕ್ಕೆ ನಿನ್ನ ಚೀಟಿ ಬೇಕೇನೋ?"

"ನಾನು ಹುಟ್ಟಿದ ಜಾಗಕ್ಕೆ ಹೋಗೋಕೆ ನಂಗೆ ರಜಾನೇ ಸಿಗಲ್ಲ. ನಡಿ, ನಡಿ."

ಆ ಚಳಿಗಾಲ ಮೈಸೂರಿನಿಂದ ಶಾಲ್ಮಲಾ ಬಂದಳು. ಕಾಡು ಕಳೆದುಕೊಂಡವರ ಮುಖಗಳ ಫೋಟೊ ತೆಗೆದು, ಅವರ ನೆಲದ ಮಾತನ್ನು ಅವರ ಬಾಯಲ್ಲೇ ಹೇಳಿಸಿ ಸಿನಿಮಾ ಮಾಡುವುದು ಅವಳ ಕೆಲಸ. ಒಳ್ಳೆಯವಳು. ಕೇಳದೆ ಕ್ಯಾಮೆರಾ ಎತ್ತುತ್ತಿರಲಿಲ್ಲ.

"ಸ್ವಲ್ಪ ನಗಿ ಅಜ್ಜಿ."

"ಹಲ್ಲಿಲ್ಲ ಕಣವ್ವ. ನಕ್ಕರೆ ಹಾಳು ಬಾವಿ ಕಂಡೀತು."

ಶಾಲ್ಮಲಾಗೆ ಹಳೇ ಹಾಡಿಯ ಚಿತ್ರ ತೆಗೆಯಲು ಒಂದು ದಿನದ ಅನುಮತಿ ಸಿಕ್ಕಿತ್ತು. ಅದು ತಿಳಿದು ಜಾಜಿ ಬಟ್ಟೆಗಂಟನ್ನು ಅವಳ ಕೈಗೆ ಕೊಟ್ಟಳು. "ಇವನನ್ನ ಮರದ ಹತ್ರ ಬಿಟ್ಟು ಬಾ."

ದಾರಿಯಲ್ಲಿ ನೆಲಕ್ಕೆ ಇಡಬಾರದೆಂದು ಹೇಳಲಿಲ್ಲ. ಹಾಡಿಯಲ್ಲಿ ಅದನ್ನು ಯಾರೂ ಯಾರಿಗೂ ಹೇಳಿದ್ದೇ ಇಲ್ಲ. ಮಗುವನ್ನು ಎತ್ತಿಕೊಟ್ಟು, ಬೀಳಿಸಬೇಡ ಎನ್ನುತ್ತಾರೆಯೇ?

ಹೋಗಿಬಂದ ಮರುದಿನ ಶಾಲ್ಮಲಾ ಲ್ಯಾಪ್‌ಟಾಪ್ ತೆರೆದಳು. ಕಾಲೋನಿಯೇ ಕೂತಿತು. ಮರ ಹಾಗೇ ಇತ್ತು. ಪಾಚಿ ಹಿಡಿದ ಕಲ್ಲುಗಳ ನಡುವೆ ಅವಳ ಕೈ ಕರಿ ಕಲ್ಲನ್ನು ಇಟ್ಟಿತು. ಜಾಜಿ ಪರದೆಗೆ ಕೈಮುಗಿದಳು.

"ದಾರೀನೂ ತೋರಿಸವ್ವ. ನೋಡಿ ಹದಿನಾರು ವರ್ಷ ಆಯ್ತು."

ಜೀಪಿನಲ್ಲಿಟ್ಟ ಕ್ಯಾಮೆರಾ ಹೊರಟಾಗಿನಿಂದಲೂ ಓಡುತ್ತಿತ್ತು. ಗೇಟು ಬಂತು. ಲಿಂಗಪ್ಪ ಗಂಟು ಬಿಚ್ಚಿಸಿದ. ಸಹಿ ಹಾಕಲು ಪುಸ್ತಕ ಚಾಚಿದ. ಶಾಲ್ಮಲಾ ಬಗ್ಗಿ ಕಲ್ಲನ್ನು ಎಡಗಂಬದ ಬುಡದಲ್ಲಿಟ್ಟು, ಸಹಿ ಹಾಕಿ, ಮತ್ತೆ ಎತ್ತಿಕೊಂಡಳು.

"ಇನ್ನೊಂದು ಸಲ ಹಾಕು," ಎಂದಳು ಜಾಜಿ.

ಮೂರು ಸಲ ಹಾಕಿದರು. ಮೂರು ಸಲವೂ ಕಲ್ಲು ನೆಲ ಮುಟ್ಟಿತು.

"ಏನಾಯ್ತು ಅಜ್ಜಿ?"

ಪಕ್ಕದವರು ಹೇಳಿದರು. ಶಾಲ್ಮಲಾ ಲ್ಯಾಪ್‌ಟಾಪ್ ಮುಚ್ಚಿದಳು. "ಮತ್ತೆ ಅನುಮತಿ ತಗೋತೀನಿ. ಹೋಗಿ ಸರಿಯಾಗಿ ಇಡ್ತೀನಿ."

"ಮರದ ಹತ್ರ ಇರೋದು ಬರೀ ಕಲ್ಲು. ಅವನು ಗೇಟಲ್ಲೇ ಇಳಿದುಬಿಟ್ಟ." ಜಾಜಿ ಅಳಲಿಲ್ಲ. "ನಿನ್ನ ತಪ್ಪಲ್ಲ ಕಣವ್ವ. ನಾನು ಹೇಳಬೇಕಿತ್ತು."

ಆ ಭಾಗವನ್ನು ಅಳಿಸಿಬಿಡುತ್ತೇನೆಂದು ಶಾಲ್ಮಲಾ ಅಂದಾಗ ಮಾತ್ರ ಜಾಜಿ ಅವಳ ಕೈ ಹಿಡಿದುಕೊಂಡಳು. "ಬೇಡ. ಅವನು ಎಲ್ಲವ್ನೆ ಅನ್ನೋದು ಅದರಲ್ಲೇ ಇರೋದು."

ಅಂದಿನಿಂದ ಜಾಜಿ ದಿನವೂ ಎಡಗಂಬದ ಬಳಿ ಹೋಗಿ ಕೂತಳು. ಕಾಡಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಲಿಂಗಪ್ಪ ಎಬ್ಬಿಸಲಿಲ್ಲ. ಆಷಾಢದಲ್ಲಿ ಅವಳೂ ಸತ್ತಳು. ತನ್ನ ಕಲ್ಲು ಮರಕ್ಕೆ ಹೋಗುವುದು ಬೇಡ, ಗೇಟಿಗೇ ಸಾಕು ಎಂದಿದ್ದಳು. ಹಾಗೇ ಮಾಡಿದರು. ಒಳಗೆ ಬಿಡಿರೆಂದು ಆಮೇಲೆ ಯಾರೂ ಕೇಳಲಿಲ್ಲ. ಸತ್ತವರನ್ನೆಲ್ಲ ಅಲ್ಲಿಗೇ ತಂದರು.

ಈಗ ಅಲ್ಲಿ ಇಪ್ಪತ್ತೇಳು ಕಲ್ಲುಗಳಿವೆ. ಸಫಾರಿ ಜೀಪುಗಳಿಗೆ ದಾರಿಯ ಅಂಚು ಕಾಣಲೆಂದು ಇಲಾಖೆಯವರು ಅವುಗಳಿಗೆ ಸುಣ್ಣ ಬಳಿದಿದ್ದಾರೆ. ಎಡಗಂಬಕ್ಕೂ ಜಾಜಿಯ ಕಲ್ಲಿಗೂ ನಡುವೆ, ಬೊಮ್ಮ ಇಳಿದಲ್ಲಿ, ಒಂದು ಗೇಣು ಬರಿ ನೆಲವಿದೆ. ದರ್ಶನಕ್ಕೆ ಬಂದವರು ಅದನ್ನು ತುಳಿಯಬಾರದು.