ಬೆನ್ನು ಮಾಡಿ ನಿಂತವರು

"ಬುದ್ಧಿ, ಎಲ್ಲರಿಗಿಂತ ಚೆನ್ನಾಗಿ ಆಡಿದೋನು ಒಂದು ಸಲಾನೂ ಕಪ್ ಗೆಲ್ಲದೆ ಹೋದ್ರೆ, ಅವನು ಆಡಿದ್ದೆಲ್ಲ ದಂಡ ಅಲ್ವಾ?" ಎಂದು ಬಸಲಿಂಗ ಕೇಳಿದ.

ಬಸಲಿಂಗ ಮಠದ ಹಾಸ್ಟೆಲಿನಲ್ಲಿ ಓದಿ ಬೆಳೆದವನು. ಕಬಡ್ಡಿಯಲ್ಲಿ ಅವನಂತೆ ದಾಳಿ ಮಾಡುವವರು ಆ ಸೀಮೆಯಲ್ಲಿ ಇರಲಿಲ್ಲ. ಆದರೂ ಅವನ ತಂಡ ಪ್ರತಿ ಸಲ ಫೈನಲ್ ತನಕ ಹೋಗಿ ಸೋಲುತ್ತಿತ್ತು. ಈ ಸಲವೂ ಸೋತಿತು. ಕೊನೆಯ ದಾಳಿಗೆ ಹೋದ ಬಸಲಿಂಗನೇ ಗೆರೆ ಮುಟ್ಟಲಾರದೆ ಸಿಕ್ಕಿಬಿದ್ದಿದ್ದ. ಊರಿಗೆ ಮುಖ ತೋರಿಸಲಾರದೆ, ಯಾರಿಗೂ ಹೇಳದೆ, ಹಿಂದಿನ ರಾತ್ರಿಯೇ ಅಲ್ಲಿಂದ ನೇರವಾಗಿ ಮಠಕ್ಕೆ ಬಂದಿದ್ದ. ಇನ್ನು ಅಂಗಳಕ್ಕೆ ಇಳಿಯುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದ.

ಸ್ವಾಮಿಗಳು ಅವನ ಮುಖ ನೋಡಿದರು. "ದಂಡವೋ ಅಲ್ಲವೋ ಆಮೇಲೆ ನೋಡೋಣ, ಮೊದಲು ಕೂತ್ಕೋ. ಸೋತವನು ನಿಂತೇ ಇರಬೇಕು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಅಮೆರಿಕದಲ್ಲಿ ಒಂದು ಆಟವಿದೆ. ಹೆಸರು ಫುಟ್‌ಬಾಲ್. ಆದರೆ ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಭಕ್ತರು ಕರೆಸಿಕೊಂಡಾಗ ಒಮ್ಮೆ ಆ ಆಟ ನೋಡಲು ಹೋಗಿ ಕೂತಿದ್ದೆ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುವ ಚಳಿ. ನನಗೆ ಆಟ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ ತಿಳಿಸಿ ಹೇಳಿದ. ಕತೆಯೂ ಅವನದೇ.

ಆ ಆಟದಲ್ಲಿ ಪ್ರತಿ ತಂಡಕ್ಕೂ ಒಬ್ಬ ಎಸೆಗಾರ ಇರುತ್ತಾನೆ. ಚೆಂಡು ಅವನ ಕೈಗೆ ಬರುತ್ತದೆ. ದೂರ ಓಡುತ್ತಿರುವ ತನ್ನವನಿಗೆ ಅವನು ಅದನ್ನು ಎಸೆಯಬೇಕು. ಅಷ್ಟರೊಳಗೆ ಎದುರಿನವರು ನುಗ್ಗಿ ಬಂದು ಅವನನ್ನು ನೆಲಕ್ಕೆ ಕೆಡವಲು ನೋಡುತ್ತಾರೆ. ಅವರನ್ನು ತಡೆಯಲು ಎಸೆಗಾರನ ಮುಂದೆ ಐದು ಜನ ದಾಂಡಿಗರು ನಿಲ್ಲುತ್ತಾರೆ. ನಡುವಿನವನು ಚೆಂಡನ್ನು ಎಸೆಗಾರನಿಗೆ ದಾಟಿಸುತ್ತಾನೆ. ಉಳಿದವರಿಗೆ ಆ ಭಾಗ್ಯವೂ ಇಲ್ಲ. ಎಸೆದ ಚೆಂಡನ್ನು ಅವರು ಹಿಡಿಯುವಂತಿಲ್ಲ, ನಿಯಮವೇ ಹಾಗೆ. ಗುದ್ದು ತಿನ್ನುವುದು, ನಿಲ್ಲುವುದು, ಮತ್ತೆ ಗುದ್ದು ತಿನ್ನುವುದು, ಇಷ್ಟೇ ಅವರ ಆಟ.

ಒಂದು ಊರಿನಲ್ಲಿ ಒಬ್ಬ ಎಸೆಗಾರನಿದ್ದ. ಅವನ ಕಾಲದಲ್ಲಿ ಅವನಷ್ಟು ಚೆನ್ನಾಗಿ ಎಸೆಯುವವರು ಯಾರೂ ಇರಲಿಲ್ಲ. ಆ ಊರಿಗೆ ವರ್ಷದಲ್ಲಿ ಅರ್ಧಕಾಲ ಹಿಮ. ಭಾನುವಾರ ಬಂದರೆ ಊರಿಗೆ ಊರೇ ಮೈದಾನಕ್ಕೆ ಬರುತ್ತಿತ್ತು. ಅವನ ಆಟ ನೋಡಿ ಒಂದು ವಾರಕ್ಕಾಗುವಷ್ಟು ಮಾತು ಹೊತ್ತುಕೊಂಡು ಮನೆಗೆ ಹೋಗುತ್ತಿತ್ತು.

ಅವನ ತಂಡ ಮೂರು ಸಲ ಫೈನಲ್ ತಲುಪಿತು, ಮೂರು ಸಲವೂ ಸೋತಿತು. ಕೊನೆಯ ಸಲ ಆಟದ ಸಮಯ ಮುಗಿಯುವ ಹೊತ್ತಿಗೆ ಅವನು ಒಂದು ಚೆಂಡು ಎಸೆದ. ಎಸೆದ ಕೂಡಲೇ ಎದುರಿನವರು ಅವನ ಮೇಲೆ ಬಿದ್ದರು. ಚೆಂಡು ಎಲ್ಲಿ ಹೋಯಿತೆಂದು ಅವನಿಗೆ ಕಾಣಲಿಲ್ಲ. ಹುಲ್ಲಿಗೆ ಮುಖ ಒತ್ತಿಕೊಂಡು ಮಲಗಿದ್ದಾಗ ಜನರ ಕೂಗು ಕೇಳಿಸಿತು. ಕೂಗು ಬಂದದ್ದು ಎದುರಾಳಿಗಳ ಜನ ಕೂತಿದ್ದ ಕಡೆಯಿಂದ. ತನ್ನವನು ಚೆಂಡು ಹಿಡಿಯಲಿಲ್ಲವೆಂದು ಅವನಿಗೆ ಹಾಗೆ ತಿಳಿಯಿತು.

ಮರುವರ್ಷ ಅವನು ಆಟ ಬಿಟ್ಟ. ಎಲ್ಲರಿಗಿಂತ ದೊಡ್ಡವರಾಗಿಯೂ ಕಪ್ ಕಾಣದೆ ಹೋದ ಎಸೆಗಾರರು ಆ ದೇಶದಲ್ಲಿ ಒಬ್ಬಿಬ್ಬರಲ್ಲ. ಜನ ಅವರನ್ನು ಬಾಯಿತುಂಬ ಹೊಗಳುತ್ತಾರೆ, ಹೊಗಳಿ ಕೊನೆಗೆ "ಆದರೆ" ಎನ್ನುತ್ತಾರೆ. ಆ ಒಂದು ಮಾತು ಇವನನ್ನು ಹಗಲಿರುಳು ತಿಂದಿತು. ಪೇಟೆಗೆ ಹೋಗುವುದನ್ನು ಬಿಟ್ಟ. ಯಾರಾದರೂ ಗುರುತು ಹಿಡಿದು ನಕ್ಕರೆ, ತನ್ನ ಸೋಲಿಗೇ ನಕ್ಕರೆಂದು ನೊಂದುಕೊಳ್ಳುತ್ತಿದ್ದ. ದೊಡ್ಡ ತೋಳಿನವನು, ಆದರೆ ಮನಸ್ಸು ಮಾತ್ರ ಅಳ್ಳಕ.

ಅಲ್ಲೊಂದು ಪದ್ಧತಿ ಇದೆ. ತುಂಬ ದೊಡ್ಡ ಆಟಗಾರ ಆಟ ಬಿಟ್ಟರೆ, ಅವನ ಅಂಗಿಯ ಮೇಲಿನ ಸಂಖ್ಯೆಯನ್ನು ಆ ತಂಡದಲ್ಲಿ ಮತ್ತೆ ಯಾರಿಗೂ ಕೊಡುವುದಿಲ್ಲ. ಊರವರು ಅವನಿಗೆ ಆ ಮರ್ಯಾದೆ ಮಾಡಲು ಹೊರಟರು. ಅವನು ಒಪ್ಪಲಿಲ್ಲ. "ಗೆದ್ದು ತಂದವನು ಯಾರಾದರೂ ಮುಂದೆ ಬಂದರೆ ಅವನಿಗೆ ಮಾಡಿ. ನಾನು ಈ ಊರಿಗೆ ಏನೂ ತಂದುಕೊಟ್ಟವನಲ್ಲ" ಎಂದು ಹೇಳಿ ಕಳಿಸಿದ.

ಕೆಲವು ದಿನಗಳ ಮೇಲೆ ಒಬ್ಬ ದಾಂಡಿಗ ಕೋಲೂರಿಕೊಂಡು ಅವನ ಮನೆಗೆ ಬಂದ. ಬಲಗೈಯಲ್ಲಿ ಎಸೆಯುವವನಿಗೆ ತನ್ನ ಎಡಬೆನ್ನಿನ ಕಡೆಯಿಂದ ನುಗ್ಗುವವರು ಕಾಣುವುದಿಲ್ಲ. ಆ ಕಡೆ ಕಾಯುತ್ತಿದ್ದವನು ಇವನು. ಕಾದು ಕಾದು ಎರಡು ಮೊಣಕಾಲೂ ಹಾಳಾಗಿದ್ದವು. ಬಂದವನು ಕೋಲು ಬದಿಗಿಟ್ಟು ಕೂತ.

ಎಸೆಗಾರನೇ ಬಾಯಿ ಬಿಟ್ಟ. "ಇಷ್ಟು ವರ್ಷ ಆಡಿದೆ ಮಾರಾಯ, ಕೊನೆಗೆ ಕೈಗೆ ಏನೂ ಬರಲಿಲ್ಲ."

"ನಿನ್ನ ಕೈಗೆ ಚೆಂಡಾದರೂ ಬಂತು. ನನಗೆ ಅದೂ ಇಲ್ಲ" ಎಂದ ದಾಂಡಿಗ. "ನಾನು ನಿನಗೆ ಬೆನ್ನು ಮಾಡಿ ನಿಂತವನು. ನೀನು ಎಸೆಯುವುದನ್ನು ಊರೆಲ್ಲ ನೋಡಿತು, ನಾನು ನೋಡಲಿಲ್ಲ. ಎದುರಿನವನ ಎದೆಗೆ ತಲೆ ಕೊಟ್ಟು ನಿಂತಿರುವಾಗ ನಮ್ಮ ಜನ ಕೂಗಿದರೆ, ಸರಿ, ನೀನು ಎಸೆದೆ, ಅವನು ಹಿಡಿದ ಎಂದು ತಿಳಿದುಕೊಳ್ಳುತ್ತಿದ್ದೆ. ಆ ಕೂಗಿಗಾಗಿ ಈ ಮೊಣಕಾಲುಗಳನ್ನು ಕೊಟ್ಟೆ. ಸಂತೋಷದಿಂದ ಕೊಟ್ಟೆ. ಈಗ ನೀನು ಆಡಿದ್ದು ದಂಡ ಎಂದರೆ, ನಾನು ನಿಂತದ್ದೂ ದಂಡ. ನಿನ್ನದನ್ನು ಬೇಕಾದರೆ ಹಾಗೆ ಹೇಳಿಕೋ. ನನ್ನದನ್ನು ಹೇಳಬೇಡ."

ಎಸೆಗಾರ ಆ ದೊಡ್ಡ ಮೊಣಕಾಲುಗಳ ಮೇಲೆ ಕೈಯಿಟ್ಟು ಅತ್ತ. ಕಪ್ ತಪ್ಪಿದ ದಿನವೂ ಅವನು ಹಾಗೆ ಅತ್ತಿರಲಿಲ್ಲವಂತೆ.

ಅವನು ಊರವರ ಮರ್ಯಾದೆಗೆ ಒಪ್ಪಿಕೊಂಡ. ಆ ದಿನ ಮೈದಾನ ತುಂಬಿತ್ತು. ಮಾತಾಡು ಎಂದು ಮೈಕು ಕೊಟ್ಟರು. ಅವನು ಆ ಐದು ಜನರ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆದ. ಊರಿನಲ್ಲಿ ಅರ್ಧ ಜನ ಆ ಹೆಸರುಗಳನ್ನು ಕೇಳಿದ್ದು ಅದೇ ಮೊದಲು. ಐವರೂ ಕುಂಟುತ್ತ ಬಂದು, ಅಭ್ಯಾಸಬಲದಿಂದ ಅವನ ಮುಂದೆ ಅವನಿಗೆ ಬೆನ್ನು ಮಾಡಿಯೇ ನಿಂತರು. ಜನ ನಕ್ಕರು.

"ಇಷ್ಟು ವರ್ಷ ನಿಮ್ಮ ಬೆನ್ನನ್ನೇ ನೋಡಿದ್ದೇನೆ. ಇವತ್ತು ಒಂದು ಸಲ ಈ ಕಡೆ ತಿರುಗಿ ನಿಲ್ಲಿ" ಎಂದ ಎಸೆಗಾರ.

ಅವರು ತಿರುಗಿದರು. ಅವನು ಒಬ್ಬೊಬ್ಬರ ಮುಂದೆಯೂ ತಲೆ ಬಾಗಿಸಿದ. ಊರು ಎದ್ದು ನಿಂತು ಕೂಗಿತು. ಅದನ್ನು ಹೇಳುವಾಗ ನನ್ನ ಪಕ್ಕದ ಮುದುಕ ಕಣ್ಣೊರೆಸಿಕೊಂಡ. ಭಾಷೆ ಬೇರೆ, ದೇಶ ಬೇರೆ, ನನಗೂ ಕಣ್ಣು ತುಂಬಿತು. ಆ ಎಸೆಗಾರ ಈಗ ಪೇಟೆಯಲ್ಲಿ ಎಲ್ಲರೊಡನೆ ನಿಂತು ಮಾತಾಡುತ್ತಾನೆ. ಕಪ್ಪಿನ ಮಾತು ಬಂದರೆ, "ಬರಲಿಲ್ಲ. ಆದರೆ ಎಂಥವರ ಜೊತೆ ಆಡಿದೆ!" ಎನ್ನುತ್ತಾನೆ. ಜನ ಅವನ ಹೆಸರಿಗೆ ಅಂಟಿಸಿದ್ದ "ಆದರೆ"ಯನ್ನು ಅವನು ಹಾಗೆ ತಿರುಗಿಸಿಕೊಂಡ.

ಸ್ವಾಮಿಗಳು ಕತೆ ಮುಗಿಸಿ ಶಲ್ಯ ಸರಿಮಾಡಿಕೊಂಡರು.

ಬಸಲಿಂಗ ತಲೆ ತಗ್ಗಿಸಿ ಕೂತಿದ್ದ. "ಅವನು ಪುಣ್ಯವಂತ ಬುದ್ಧಿ. ಅವನ್ನ ಹುಡುಕ್ಕೊಂಡು ಒಬ್ಬನಾದ್ರೂ ಮನೆಗೆ ಬಂದ. ಫೈನಲ್ಲು ಕಳೆದೋನ್ನ ಯಾರು ಹುಡುಕ್ಕೊಂಡು ಬರ್ತಾರೆ?" ಎಂದ.

ಸ್ವಾಮಿಗಳು ಹೇಳಿದರು: "ನಿನ್ನ ತಂಡದ ಉಳಿದ ಆರೂ ಜನ ಬೆಳಗಿನಿಂದ ನಮ್ಮ ದಾಸೋಹದಲ್ಲಿ, ನೀನು ಬರೋ ತನಕ ಅನ್ನ ಮುಟ್ಟಲ್ಲ ಅಂತ ಕೂತಿದಾರೆ, ಹೋಗಪ್ಪಾ, ಎಲೆ ಹಾಕಿಸು."