ರಾಜಧಾನಿ ದಿಬ್ಬ

ಮುದ್ದನಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಊರು ಕಣ್ಣಿಗೆ ಬೀಳುವ ತಿರುವಿನಲ್ಲೇ, ಒಂದು ಬೋಳು ದಿಬ್ಬವಿದೆ. ಅಲ್ಲಿ ಮನೆಯಿಲ್ಲ, ಬಾವಿಯಿಲ್ಲ. ಆಡುಗಳು ಮೇಯುತ್ತವೆ, ಅಷ್ಟೆ. ಹೆಸರು ಮಾತ್ರ ರಾಜಧಾನಿ ದಿಬ್ಬ. ಹೊಸಬರು ಕೇಳಿ ನಗುತ್ತಾರೆ. ನಗಲಿ, ಊರಿನ ಹಿರಿಯರೂ ಮೊದಲು ನಕ್ಕೇ ಆಮೇಲೆ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಪಟ್ಟಣಕ್ಕಾಗಿ ಗಾದಿಲಿಂಗನಾಯಕ, ತಿಪ್ಪನಾಯಕ ಎಂಬ ಅಣ್ಣತಮ್ಮಂದಿರು ಕಿತ್ತಾಡಿದರಂತೆ. ಮೂಡಣ ಕೇರಿ ಅಣ್ಣನ ಕೈಯಲ್ಲಿ, ಪಡುವಣ ಕೇರಿ ತಮ್ಮನ ಕೈಯಲ್ಲಿ. ಇಡೀ ಪಟ್ಟಣ ತನ್ನ ರಾಜಧಾನಿಯೆಂದು ಇಬ್ಬರದೂ ಒಂದೇ ಹಟ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಗೆ ಇಲ್ಲಿ ಅಣ್ಣತಮ್ಮಂದಿರೇ ಸಾಕಾದರು. ಆಗ ಹೊಳೆಯಾಚೆಯ ಅರಸ ಹಂಪರಸಯ್ಯನೆಂಬ ರಾಯಭಾರಿಯನ್ನು ಕಳುಹಿಸಿದ. ಆ ಕಾಲದ ಕಟ್ಟಳೆ ಹೀಗಿತ್ತು: ಗಡಿ ದಾಟಿದ ರಾಯಭಾರಿಯ ಪಲ್ಲಕ್ಕಿ ಮೊದಲು ಎಲ್ಲಿ ನೆಲ ಮುಟ್ಟುವುದೋ ಅದೇ ರಾಜಧಾನಿ, ಆ ನೆಲದ ಒಡೆಯನೇ ದೊರೆ. ಅರಸನಿಗೆ ಅಣ್ಣನ ಆನೆಗಳು ಬೇಕಾಗಿದ್ದವು. "ಮೂಡಣ ಕೇರಿಯಲ್ಲೇ ಇಳಿ. ತಪ್ಪಿದರೆ ಮರಳಿ ಮುಖ ತೋರಿಸಬೇಡ" ಎಂದು ಅಪ್ಪಣೆ ಕೊಟ್ಟಿದ್ದ.

ದಿಬ್ಬದ ಮೇಲೆ ಬಂದಾಗ ಹಂಪರಸಯ್ಯ ಪರದೆ ಸರಿಸಿ ನೋಡಿದ. ಪಲ್ಲಕ್ಕಿ ಎದುರಾಳಿಯ ಕೇರಿಯಲ್ಲಿ ಇಳಿದರೆ ಆ ಕೇರಿಯನ್ನೇ ಸುಡುವೆನೆಂದು ಇಬ್ಬರೂ ಆಣೆಯಿಟ್ಟಿದ್ದರು. ಎರಡೂ ಕಡೆ ದೊಂದಿ ಹಿಡಿದ ಆಳುಗಳು, ನಡುವೆ ಕೂಸುಗಳನ್ನು ಕಂಕುಳಿಗೇರಿಸಿ ಬಾಗಿಲಲ್ಲಿ ನಿಂತ ತಾಯಂದಿರು. ಅವನಿಗೆ ಹೊಳೆಯಾಚೆ ಮನೆಯಲ್ಲಿದ್ದ ಹೆಂಡತಿ ನೀಲಾಂಬೆಯ ನೆನಪಾಯಿತು.

"ಬುದ್ಧೀ, ಹೆಗಲು ಸೋತ್ವು. ಯಾವ ಕೇರಿಗೆ ನಡೀಲಿ?" ಎಂದ ಪಲ್ಲಕ್ಕಿ ಹೊತ್ತವರ ಮುಂದಾಳು ಕರಿಯಣ್ಣ.

"ಇಲ್ಲೇ ಇಳಿಸಪ್ಪ."

"ಇದು ಬೋಳು ದಿಬ್ಬ ಬುದ್ಧೀ! ಇಲ್ಲಿ ಯಾರವ್ರೆ ದೊರೆ?"

"ಯಾರೂ ಇಲ್ಲ. ಅದಕ್ಕೇ ಇಳಿಸು ಅಂದದ್ದು."

ಪಲ್ಲಕ್ಕಿ ನೆಲ ಮುಟ್ಟಿತು. ಕಟ್ಟಳೆಯಂತೆ ದಿಬ್ಬವೇ ರಾಜಧಾನಿಯಾಯಿತು, ಒಡೆಯನಿಲ್ಲದ್ದರಿಂದ ದೊರೆ ಯಾರೆಂಬುದು ಮಾತ್ರ ತೀರ್ಮಾನವಾಗದೆ ಉಳಿಯಿತು. ಅಣ್ಣತಮ್ಮಂದಿರು ಬೆಪ್ಪಾದರು. ತನಗೆ ದಕ್ಕದಿದ್ದರೂ ಇನ್ನೊಬ್ಬನಿಗೂ ದಕ್ಕಲಿಲ್ಲವೆಂದು ಇಬ್ಬರಿಗೂ ಒಳಗೊಳಗೇ ಸಮಾಧಾನ. ಇಂದಲ್ಲ ನಾಳೆ ರಾಯಭಾರಿ ಎದ್ದು ತನ್ನ ಕೇರಿಗೇ ಬಂದಾನೆಂದು ಇಬ್ಬರೂ ಕಾದರು. ಕಾಯುತ್ತಿರುವಾಗ ಬೆಂಕಿ ಹಚ್ಚುವವರುಂಟೇ? ಹಂಪರಸಯ್ಯನಿಗೆ ಇದು ತಿಳಿಯಿತು. ತಾನು ಹೊರಟುಹೋದರೆ ಆ ಆಸೆ ಮುಗಿಯುತ್ತದೆ, ಆಸೆ ಮುಗಿದರೆ ಊರು ಉರಿಯುತ್ತದೆ. ಅರಸನ ಕಾಲು ಹಿಡಿದಾದರೂ ಮನೆ ಸೇರಬಹುದಿತ್ತೇನೋ. ಅವನು ಹೋಗಲಿಲ್ಲ. ನಾಯಕರಿಬ್ಬರೂ ಕಾದು ಕಾದು ಮುದುಕರಾಗಿ ಸತ್ತರು. ಅಲ್ಲಿಯವರೆಗೂ ಎರಡು ಕೇರಿಯ ಹೆಂಗಸರು ಸರದಿಯ ಮೇಲೆ ಅವನಿಗೆ ಅಂಬಲಿ ತಂದುಕೊಟ್ಟರು ಎನ್ನುತ್ತಾರೆ.

ಪಲ್ಲಕ್ಕಿಯ ಕಾಲು ಊರಿದ ನಾಲ್ಕು ಕುಳಿಗಳು ಇಂದಿಗೂ ಬಂಡೆಯ ಮೇಲೆ ಕಾಣುತ್ತವೆ. ಯುಗಾದಿಯಂದು ಎರಡನ್ನು ಮೂಡಣ ಕೇರಿಯವರು, ಎರಡನ್ನು ಪಡುವಣ ಕೇರಿಯವರು ತೊಳೆಯುತ್ತಾರೆ. ಪಕ್ಕದಲ್ಲಿ ಹಂಪರಸಯ್ಯ ಕೂರುತ್ತಿದ್ದ ಕಲ್ಲಿದೆ. ಅವನು ಉಳಿಸಿದ ಊರು ಆ ಕಲ್ಲಿನ ಹಿಂಬದಿಗಿದೆ. ಅದರ ಮೇಲೆ ಕೂತವರಿಗೆ ಕಾಣುವುದು ಹೊಳೆಯ ಕಡೆಗೆ ಹೋಗುವ ದಾರಿ ಮಾತ್ರ.