ಕೆನ್ನೆತ್ತಿ ದೊರೆ ಬಾಯಿಬಿಟ್ಟ ದಿನ

ಮಕ್ಕಳೇ, ಹೊತ್ತು ಹುಟ್ಟುವ ದಿಕ್ಕಿನಲ್ಲಿ ಮೂಡಣಕೊಳ ಎಂಬ ದೊಡ್ಡ ಕೊಳವಿತ್ತು. ಬಾತುಗಳು, ನೀರುಕೋಳಿಗಳು, ಕಪ್ಪೆಗಳು, ನೀರುನಾಯಿಗಳು ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲೇ ಬಾಳುತ್ತಿದ್ದವು. ಕೊಳದ ನಡುವೆ ಒಂದು ದಿಬ್ಬ. ದಿಬ್ಬದ ಮೇಲೆ ಆಳೆತ್ತರದ ಜೊಂಡು. ಆ ಜೊಂಡಿನ ಮರೆಯಲ್ಲಿ ಅವುಗಳ ದೊರೆ ಇರುತ್ತಿದ್ದ. ಅವನು ಒಂದು ಕ್ರೌಂಚ ಪಕ್ಷಿ. ಮೈಯೆಲ್ಲ ಹಾಲಿನಂಥ ಬಿಳುಪು, ನೆತ್ತಿ ಮಾತ್ರ ಕೆಂಡದಂತೆ ಕೆಂಪು. ಹಾಗಾಗಿ ಅವನ ಹೆಸರು ಕೆನ್ನೆತ್ತಿ.

"ನಮ್ಮ ದೊರೆ ಸಾಕ್ಷಾತ್ ಸೂರ್ಯನ ಮಗ. ಅಪ್ಪನ ಬಣ್ಣ ನೆತ್ತಿಗೆ ಅಂಟಿಕೊಂಡಿದೆ, ಕಾಣುವುದಿಲ್ಲವೇ?" ಎಂದು ಕೊಳದವರು ಹೆಮ್ಮೆಪಡುತ್ತಿದ್ದರು.

ಸೂರ್ಯನ ಮಗ ಸಾಮಾನ್ಯರ ಎದುರು ಬಾಯಿಬಿಡಬಾರದೆಂಬುದು ಅಲ್ಲಿಯ ಕಟ್ಟಳೆ. ಮಂತ್ರಿಗಳು ಹೇಳಬೇಕು, ದೊರೆ ಕೇಳಬೇಕು, ಕೊನೆಗೆ ತಲೆದೂಗಬೇಕು. ಅವನ ಹಿಂದಿನ ದೊರೆಗಳೂ ಹಾಗೇ ಬಾಳಿ ಹೋಗಿದ್ದರು. ಕೆನ್ನೆತ್ತಿಗೂ ಅದೇ ರೂಢಿಯಾಗಿತ್ತು. ಬಿಡುವಿದ್ದಾಗ ಅವನು ನೀರಂಚಿನಲ್ಲಿ ಕತ್ತು ಬಗ್ಗಿಸಿ ಬಸವನಹುಳುಗಳ ಚಿಪ್ಪುಗಳನ್ನು ನೋಡುತ್ತಿದ್ದ. ಒಂದರಂತೆ ಇನ್ನೊಂದಿಲ್ಲವಲ್ಲ ಎಂದು ಬೆರಗಾಗುತ್ತಿದ್ದ. ಆ ಬೆರಗನ್ನೂ ಅವನು ಯಾರಿಗೂ ಹೇಳಿದವನಲ್ಲ.

ಒಂದು ದಿನ ಸೇನಾಪತಿ ಕೊಂಕುಗುರ ಬಂದ. ಅವನು ಗಿಡುಗ. ಎದೆಯನ್ನು ಮುಂದೆ ಮಾಡಿ ನಡೆಯುವವನು.

"ಮಹಾಸ್ವಾಮಿ, ನಮ್ಮ ಕೊಳ ನಮಗೆ ಸಾಲದು. ಬೆಟ್ಟದಾಚೆ ಪಡುವಣಕೊಳವಿದೆ. ಅಲ್ಲಿ ಮೀನೂ ಹೆಚ್ಚು, ನೀರೂ ಹೆಚ್ಚು. ಇರುವುದು ಬರೀ ಹಂಸಗಳು. ಅಪ್ಪಣೆಯಾದರೆ ಹೋಗಿ ಹಿಡಿದುಬಿಡುತ್ತೇವೆ."

ಮುದಿ ಮಂತ್ರಿ ಮೀನಪ್ಪ, ನೀರುನಾಯಿ, ಮೀಸೆ ಒರೆಸಿಕೊಂಡು ಹೇಳಿದ: "ಪ್ರಭು, ಅದು ಅವರ ಮನೆ. ಕಂಡವರ ಮನೆಗೆ ನುಗ್ಗುವುದು ನಮಗೆ ಶೋಭಿಸದು."

ಕೆನ್ನೆತ್ತಿಗೂ ಅದೇ ಸರಿಯೆನಿಸಿತು. ಆದರೆ ಬಾಯಿಬಿಡಲು ಕಟ್ಟಳೆ ಅಡ್ಡ ಬಂತು. ಸನ್ನೆಯಲ್ಲೇ ತಿಳಿಸಿದರಾಯಿತು ಎಂದುಕೊಂಡು ಒಂದು ಒಣಗಿದ ಜೊಂಡಿನ ಕಡ್ಡಿಯನ್ನು ಕೊಕ್ಕಿನಲ್ಲಿ ಎತ್ತಿ ಲಟಕ್ಕನೆ ಮುರಿದ. ಯುದ್ಧಕ್ಕೆ ಹೋದರೆ ನಾವು ಹೀಗೆ ಮುರಿದುಹೋಗುತ್ತೇವೆ ಎಂದು ಅದರ ಅರ್ಥ.

ಕೊಂಕುಗುರ ರೆಕ್ಕೆ ಬಡಿದು ಕೂಗಿದ: "ನೋಡಿದಿರಾ! ಹಂಸಗಳನ್ನು ಹೀಗೆ ಮುರಿಯಿರಿ ಎಂದರು ದೊರೆ! ಸೂರ್ಯನ ಮಗನಿಗೆ ಜಯವಾಗಲಿ!"

'ಅದಲ್ಲ!' ಎಂಬ ಮಾತು ಕೆನ್ನೆತ್ತಿಯ ಗಂಟಲವರೆಗೆ ಬಂತು. ಬಂದದ್ದು ಹಾಗೇ ಕೆಳಗಿಳಿಯಿತು. ಅಷ್ಟರಲ್ಲಿ ಗಿಡುಗಗಳ ದಂಡು ಬೆಟ್ಟ ದಾಟಿತ್ತು.

ಮೊದಮೊದಲು ಬಂದದ್ದೆಲ್ಲ ಗೆಲುವಿನ ಸುದ್ದಿ. ಕೊಂಕುಗುರ ಹಂಸದ ಗರಿಗಳನ್ನು ತಂದು ದೊರೆಯ ಕಾಲ ಬಳಿ ಸುರಿದ. ಕೊಳದವರು ಕುಣಿದರು. ಸುಳ್ಳೇಕೆ ಹೇಳಲಿ ಮಕ್ಕಳೇ, ಕೆನ್ನೆತ್ತಿಯ ಎದೆಯೂ ಒಂದಿಷ್ಟು ಉಬ್ಬಿತು. ಗರಿಗಳ ಬುಡದಲ್ಲಿ ನೆತ್ತರಿರುವುದು ಅವನಿಗೆ ಕಂಡಿತು. ಕಂಡೂ ತಲೆದೂಗಿದ.

ಗೆದ್ದವನಿಗೆ ಕಣ್ಣು ಕಾಣಿಸದು. ದಾರಿಯಲ್ಲಿ ಮಲಗಿದ್ದ ಕಾಡೆಮ್ಮೆಯೊಂದನ್ನು ಕಂಡು, "ಇದೂ ನಮಗೆ ಅಡ್ಡಿಯೇ" ಎಂದು ಕೊಂಕುಗುರ ಅದರ ಮೂಗಿಗೆ ಕುಕ್ಕಿದ. ಕಾಡೆಮ್ಮೆ ಎದ್ದಿತು. ಅದರ ಹಿಂದೆ ಇಡೀ ಹಿಂಡೇ ಎದ್ದಿತು. ಹಂಸಗಳನ್ನು ಕೂಡಿಕೊಂಡು ಹಿಂಡು ಮೂಡಣಕೊಳಕ್ಕೆ ನುಗ್ಗಿತು. ಜೊಂಡು ಮುರಿದು ಬಿತ್ತು. ಗೂಡುಗಳು ಕೆಸರಾದವು. ಕೊಳದ ಎರಡು ಮೂಲೆಗಳಲ್ಲಂತೂ ಒಂದು ಮೊಟ್ಟೆಯೂ ಉಳಿಯಲಿಲ್ಲ.

ಕಾಡೆಮ್ಮೆಗಳು ದಡದಲ್ಲಿ ನಿಂತು ಹೇಳಿದವು: "ಸೋತೆವೆಂದು ಒಪ್ಪಿಕೊಳ್ಳಿ. ಇಲ್ಲವಾದರೆ ಮತ್ತೆ ಬರುತ್ತೇವೆ."

ದಿಬ್ಬದ ಮೇಲೆ ಮಂತ್ರಿಗಳ ಸಭೆ ಸೇರಿತು. ಒಂದು ರೆಕ್ಕೆ ಮುರಿದಿದ್ದರೂ ಕೊಂಕುಗುರನ ದನಿ ಇಳಿದಿರಲಿಲ್ಲ. "ಕೊನೆಯ ಮೊಟ್ಟೆ ಒಡೆಯುವವರೆಗೂ ಕಾದಾಡೋಣ. ಸೋಲುವುದಕ್ಕಿಂತ ಸಾಯುವುದೇ ಮೇಲು!"

"ಸಾಯುವವರು ಯಾರಯ್ಯಾ? ನೀನೋ, ಮೊಟ್ಟೆಯೊಳಗಿನ ಮರಿಯೋ?" ಎಂದ ಮೀನಪ್ಪ.

ಮಂತ್ರಿಗಳಲ್ಲಿ ಅರ್ಧ ಜನ ಇತ್ತ, ಅರ್ಧ ಜನ ಅತ್ತ. ಎಲ್ಲರೂ ದೊರೆಯ ಕಡೆ ತಿರುಗಿದರು. ಈ ಸಲ ಮುರಿಯಲು ಒಂದು ಕಡ್ಡಿಯೂ ಅಲ್ಲಿ ಉಳಿದಿರಲಿಲ್ಲ.

ಕೆನ್ನೆತ್ತಿ ಗಂಟಲು ಸರಿಮಾಡಿಕೊಂಡ. "ಸಾಕು. ಯುದ್ಧ ನಿಲ್ಲಲಿ."

ಸಭೆ ಗರಬಡಿದಂತೆ ಕೂತಿತು. ಮೊದಲು ಚೇತರಿಸಿಕೊಂಡವನು ಕೊಂಕುಗುರ. "ಸ್ವಾಮಿ, ಈ ಮಾತು ಇಲ್ಲೇ ಇರಲಿ. ಹೊರಗೆ ನಿಮ್ಮ ದನಿ ಕೇಳಿದವರೇ ಇಲ್ಲ. ಯಾರು ನಂಬುತ್ತಾರೆ?"

"ಹಾಗಾದರೆ ನಾನೇ ಹೋಗಿ ಹೇಳುತ್ತೇನೆ."

ಕೆನ್ನೆತ್ತಿ ಇಳಿಜಾರಿಗೆ ಕಾಲಿಟ್ಟ. ಕೊಂಕುಗುರನ ಎಳೆಯ ಗಿಡುಗಗಳು ದಾರಿಗೆ ಅಡ್ಡ ನಿಂತವು. ಉಗುರುಗಳು ಬಿಸಿಲಿಗೆ ಮಿಂಚಿದವು. ಆದರೂ ದೊರೆ ನಿಲ್ಲಲಿಲ್ಲ.

"ನನ್ನ ಹೆಸರು ಹೇಳಿ ಅದೆಷ್ಟೋ ಪ್ರಾಣ ತೆಗೆದಿರಿ, ಅದೆಷ್ಟೋ ಪ್ರಾಣ ಕೊಟ್ಟಿರಿ. ನನ್ನದೂ ಬೇಕಿದ್ದರೆ ತೆಗೆದುಕೊಳ್ಳಿ. ಇಲ್ಲವಾದರೆ ದಾರಿ ಬಿಡಿ, ಮಕ್ಕಳೇ."

ಗಿಡುಗಗಳು ತಲೆ ತಗ್ಗಿಸಿ ಪಕ್ಕಕ್ಕೆ ಸರಿದವು.

ಕೆಳಗೆ ಕೆಸರಿನಲ್ಲಿ ಕೊಳದವರೆಲ್ಲ ಮುದುಡಿ ಕೂತಿದ್ದರು. ಕೆನ್ನೆತ್ತಿ ಮೊಣಕಾಲುದ್ದ ಕೆಸರಿಗಿಳಿದು ಕೂಗಿದ: "ನನ್ನವರೇ, ನಾವು ಸೋತಿದ್ದೇವೆ. ತಡೆಯಲಾಗದ್ದನ್ನು ತಡೆದುಕೊಂಡು ಇನ್ನು ಬದುಕಬೇಕು. ಯುದ್ಧ ಮುಗಿಯಿತು."

ಬಳಕೆಯಿಲ್ಲದ ಆ ದನಿ ಒಡೆದುಹೋಗಿತ್ತು. ದೊರೆಯನ್ನು ಹತ್ತಿರದಿಂದ ಎಂದೂ ಕಾಣದ ಬಾತಕ್ಕ ತುಂಗಿ ಕತ್ತೆತ್ತಿ ನೋಡಿದಳು. "ಯಾರಪ್ಪಾ ನೀನು? ಯಾರ ಅಪ್ಪಣೆಯ ಮೇಲೆ ಮಾತಾಡುತ್ತಿದ್ದೀಯೆ?"

"ನಾನೇ ತಾಯಿ, ಕೆನ್ನೆತ್ತಿ."

"ದೊರೆಯೇ? ಸೂರ್ಯನ ಮಗನ ಕಾಲಿಗೆ ಕೆಸರೇ?"

"ನಾನು ಸೂರ್ಯನ ಮಗನಲ್ಲ. ನಿನ್ನ ಮರಿಗಳ ಹಾಗೆ ಮೊಟ್ಟೆಯೊಡೆದು ಬಂದವನು."

ತುಂಗಿಯ ಕಣ್ಣು ತುಂಬಿತು. "ನನ್ನ ಮರಿಗಳು ಈಗಿಲ್ಲ, ಸ್ವಾಮಿ. ನಿಮಗೆ ಮಾತು ಬರುತ್ತಿತ್ತಲ್ಲ! ಅಂದೇ ಏಕೆ ಬೇಡವೆನ್ನಲಿಲ್ಲ?"

ಕಟ್ಟಳೆಯ ಮಾತು ಕೆನ್ನೆತ್ತಿಯ ಬಾಯಿಗೆ ಬಂದರೂ ಆ ತಾಯಿಯ ಎದುರು ಅದನ್ನು ಆಡಲು ನಾಚಿಕೆಯಾಯಿತು. "ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನನ್ನದು" ಎಂದು ತಲೆ ಬಾಗಿಸಿದ.

ಆಮೇಲೆ ಅವನು ಒಬ್ಬನೇ ದಡಕ್ಕೆ ನಡೆದ. ಕಾಡೆಮ್ಮೆಗಳ ಕೊಂಬಿನ ಎದುರು, ಹಂಸಗಳ ಮುದಿ ರಾಣಿಯ ಎದುರು ನಿಂತು ಹೇಳಿದ: "ಎಲ್ಲವೂ ನನ್ನ ಹೆಸರಿನಲ್ಲಿ ನಡೆದದ್ದು. ಶಿಕ್ಷೆ ನನಗಿರಲಿ. ಕೊಳದವರಿಗೆ ಮೇವು ಕೊಡಿ, ಹಸಿದಿದ್ದಾರೆ."

ದೊಡ್ಡ ಕಾಡೆಮ್ಮೆ ಬೆರಗಾಯಿತು. ನನ್ನ ಪ್ರಾಣ ಉಳಿಸಿ ಎಂದು ಕೇಳಲು ಅವನು ಬಂದಿರಬೇಕೆಂದು ಅದು ಎಣಿಸಿತ್ತು; ಈಗ ಮೇವು ಕೊಡಲು ಒಪ್ಪಿತು. ಹಂಸರಾಣಿ ಮಾತ್ರ, "ಕ್ಷಮಿಸುವುದು ಸುಲಭವಲ್ಲ, ಕೆನ್ನೆತ್ತಿ. ನಮ್ಮ ಗೂಡು ಕೆಡವಿದವರು ಬಂದು ಕಟ್ಟಿಕೊಡಲಿ. ಮಿಕ್ಕಿದ್ದು ಆಮೇಲೆ ನೋಡೋಣ" ಎಂದಳು.

ಮೂಡಣಕೊಳದವರು ಬೆಟ್ಟ ದಾಟಿ ಹೋದರು. ನೀರುನಾಯಿಗಳು ಮಣ್ಣು ಹೊತ್ತವು, ಬಾತುಗಳು ಜೊಂಡು ಹೆಣೆದವು. ಕೊಂಕುಗುರ ಹೋಗಲೊಪ್ಪದೆ ಕಾಡು ಸೇರಿದ. ಆದರೆ ಅವನ ಎಳೆಯ ಗಿಡುಗಗಳು ಹೋಗಿ, ಅದೇ ಉಗುರುಗಳಲ್ಲಿ ಕಡ್ಡಿ ಹೊತ್ತವು.

ಕೊಳದಲ್ಲೂ ಹೊಸ ಕಟ್ಟಳೆ ಬಂತು. ಇನ್ನು ಮುಂದೆ ಅಪ್ಪಣೆ ಕೊಡುವುದು ದೊರೆಯಲ್ಲ, ದೊರೆಯ ಹೆಸರು ಹೇಳುವ ಸೇನಾಪತಿಯೂ ಅಲ್ಲ. ಎಲ್ಲರೂ ಸೇರಿ ಆರಿಸಿದ ಸಭೆ. ಮೊದಲ ಸಭೆಗೆ ತುಂಗಿಯೇ ಮುಖ್ಯಸ್ಥೆಯಾದಳು. ಕೆನ್ನೆತ್ತಿಯೂ ಬಂದ.

"ನೀವೆಲ್ಲಿ ಕೂರುತ್ತೀರಿ, ದೊರೆ?" ಎಂದಳು ತುಂಗಿ.

"ಜಾಗವಿದ್ದಲ್ಲಿ, ತಾಯಿ."

ಕಪ್ಪೆಗಳು ಸರಿದು ಜಾಗ ಬಿಟ್ಟವು. ಅವನು ಅವುಗಳ ನಡುವೆ ನಿಂತ. ಸುತ್ತ ಇಷ್ಟು ದನಿಗಳನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಹಂಸದ ಗರಿ ಕಂಡು ಉಬ್ಬಿದ್ದ ಎದೆ ಈಗಲೂ ಉಬ್ಬಿತು. ಆದರೆ ಈ ಹೆಮ್ಮೆಗೆ ಯಾರ ನೆತ್ತರೂ ಅಂಟಿರಲಿಲ್ಲ.

ಮರುವರ್ಷ ಪಡುವಣಕೊಳದಿಂದ ಒಂದು ಹಂಸದ ಮರಿ ಅಮ್ಮನ ಜೊತೆ ಅಲ್ಲಿಗೆ ಬಂತು. "ನಿಮ್ಮ ದೊರೆ ಎಲ್ಲಿ?" ಎಂದು ಕೇಳಿತು.

ಕಪ್ಪೆಗಳು ಗಂಟಲುಬ್ಬಿಸಿ, "ಅಗೋ, ಅಲ್ಲಿ! ನಮ್ಮ ಜೊತೆ ಕೆಸರಿನಲ್ಲಿ ನಿಂತಿರುವವನು!" ಎಂದವು.

ನೀತಿ: ತನ್ನ ಹೆಸರಿನಲ್ಲಿ ಅನ್ಯಾಯ ನಡೆಯುವಾಗ ಸುಮ್ಮನಿದ್ದವನೂ ಅದರ ಪಾಲುಗಾರನೇ, ತಪ್ಪನ್ನು ಒಪ್ಪಿಕೊಂಡು ಎಲ್ಲರ ಸಮಕ್ಕೆ ಇಳಿದು ಬಂದವನ ಹಿರಿಮೆಯೇ ನಿಜವಾದ ಹಿರಿಮೆ.